ಆಣೆ ಹಾಕಿಸಿಕೊಂಡ ಮತ

ಪ್ರಶ್ನೆ: ಚುನಾವಣೆ ಬಂದಾಗ ದುಡ್ಡು ಕೊಟ್ಟು, ತಮಗೇ ವೋಟು ಹಾಕಬೇಕೆಂದು ಆಣೆ ಮಾಡಿಸಿಕೊಳ್ಳುತ್ತಾರೆ. ನಾವು ಕ್ರೈಸ್ತರು. ಆ ಆಣೆ ಮುರಿದರೆ ಪಾಪವೇ? ರಾಜಕೀಯದಲ್ಲಿ ಮನವೊಲಿಸುವುದಕ್ಕೂ ಮೋಸಕ್ಕೂ ವ್ಯತ್ಯಾಸವೇನು? ಒಳ್ಳೆಯದಕ್ಕಾಗಿ ಸುಳ್ಳು ಹೇಳಿದರೂ ತಪ್ಪೇ?
– ಓದುಗರೊಬ್ಬರು, ಶಿರಾಳಕೊಪ್ಪ

ಉತ್ತರ: ಮುರಿದರೆ ಪಾಪವಿಲ್ಲ. ದುಡ್ಡು ತೆಗೆದುಕೊಂಡದ್ದು ತಪ್ಪು, ಆಣೆ ಮಾಡಿದ್ದೂ ತಪ್ಪು. ಅದರ ಮೇಲೆ ಮನಸ್ಸಾಕ್ಷಿ ಒಪ್ಪದ ಮತವನ್ನೂ ಹಾಕಿ ಮೂರನೆಯ ತಪ್ಪು ಮಾಡಬೇಕಾಗಿಲ್ಲ. ಮಾರ್ಕನ ಶುಭಸಂದೇಶದ 6ನೇ ಅಧ್ಯಾಯ ತೆಗೆದು ನೋಡಿ. ಹುಟ್ಟುಹಬ್ಬದ ಔತಣದಲ್ಲಿ ಕುಣಿದ ಹುಡುಗಿಗೆ ಹೆರೋದ ಅರಸ ಏನು ಬೇಕಾದರೂ ಕೇಳು, ಕೊಡುತ್ತೇನೆಂದು ಆಣೆಯಿಟ್ಟ. ಅವಳು ಸ್ನಾನಿಕ ಯೊವಾನ್ನನ ತಲೆ ಕೇಳಿದಳು. ಅರಸನಿಗೆ ಮನಸ್ಸಿರಲಿಲ್ಲ, ಆದರೂ ಅತಿಥಿಗಳೆದುರು ಆಡಿದ ಮಾತಿಗೆ ಅಂಜಿ ಕೊಲ್ಲಿಸಿದ. ಮಾತು ಉಳಿಸಿಕೊಂಡನೆಂದು ಧರ್ಮಸಭೆಯ ಯಾವ ಗುರುವೂ ಅವನನ್ನು ಮೆಚ್ಚಿಲ್ಲ. ಕೆಟ್ಟ ಕೆಲಸಕ್ಕೆ ಇಟ್ಟ ಆಣೆ ಯಾರನ್ನೂ ಕಟ್ಟಿಹಾಕದು ಎಂಬುದು ಸಂತ ತೋಮಸ್ ಅಕ್ವಿನಾಸರ ತೀರ್ಮಾನವೂ ಹೌದು. ಶಿಕಾರಿಪುರದ ಹುಚ್ಚರಾಯಸ್ವಾಮಿಯ ಮೇಲೆ ಮಾಡಿಸಿದ್ದಾಗಲಿ, ಶಿಲುಬೆ ಮುಟ್ಟಿಸಿ ಮಾಡಿಸಿದ್ದಾಗಲಿ, ದೇವರ ಹೆಸರನ್ನು ದುಡ್ಡಿನ ಜಾಮೀನಿಗೆ ಎಳೆದದ್ದೇ ಮೊದಲ ಅಪರಾಧ. ಕಾನೂನೂ ಇದನ್ನು ಕಂಡಿದೆ. 1951ರ ಜನಪ್ರಾತಿನಿಧ್ಯ ಕಾಯ್ದೆಯ 123ನೇ ಕಲಮಿನಲ್ಲಿ ಲಂಚವೂ ಭ್ರಷ್ಟ ನಡೆ, ದೇವರ ಕೋಪಕ್ಕೆ ಗುರಿಯಾಗುತ್ತೀಯೆಂದು ಮತದಾರನನ್ನು ಹೆದರಿಸುವುದೂ ಭ್ರಷ್ಟ ನಡೆ. ದುಡ್ಡನ್ನು ವಾಪಸು ಕೊಟ್ಟುಬಿಡಿ.

ಆಣೆಯ ರಾಜಕೀಯ ನಿಮ್ಮ ತಾಲ್ಲೂಕಿಗೆ ಹೊಸದಲ್ಲ. 2011ರ ಜೂನಿನಲ್ಲಿ, ಶಿಕಾರಿಪುರದ ಶಾಸಕರೂ ಮುಖ್ಯಮಂತ್ರಿಯೂ ಆಗಿದ್ದ ಯಡಿಯೂರಪ್ಪನವರು ತಮ್ಮ ಮೇಲೆ ಆರೋಪ ಹೊರಿಸಿದ್ದ ಕುಮಾರಸ್ವಾಮಿಯವರಿಗೆ ಧರ್ಮಸ್ಥಳದ ಮಂಜುನಾಥನೆದುರು ಪ್ರಮಾಣ ಮಾಡಲು ಸವಾಲು ಹಾಕಿದರು. 27ರಂದು ಇಬ್ಬರೂ ಹೋಗಿ ದರ್ಶನ ಮಾಡಿದರು, ಪ್ರಮಾಣ ಮಾಡಲಿಲ್ಲ. ಅಷ್ಟೂ ದಿನ ಪ್ರಮಾಣ ಆಗುತ್ತದೋ ಇಲ್ಲವೋ ಎಂಬುದೇ ನಾಡಿನ ಮಾತಾಗಿತ್ತು. ಆರೋಪಕ್ಕೆ ಸಾಕ್ಷಿ ಏನು ಎಂಬ ಪ್ರಶ್ನೆ ಹಿಂದಕ್ಕೆ ಬಿತ್ತು. ಬೆಟ್ಟದ ಮೇಲಿನ ಬೋಧನೆಯಲ್ಲಿ ಯೇಸುಸ್ವಾಮಿ ಆಣೆಯನ್ನೇ ನಿಷೇಧಿಸಿದ್ದು ಇದಕ್ಕೇ ಎಂದು ನಾನು ನಂಬುತ್ತೇನೆ. ಆಣೆ ಇಟ್ಟಾಗ ಮಾತ್ರ ನಿಜ ಹೇಳುವವನ ಉಳಿದ ಮಾತಿಗೆ ಬೆಲೆಯೆಲ್ಲಿ?

ಮನವೊಲಿಕೆ ಪಾಪವಲ್ಲ. ಪ್ರವಾದಿ ನಾತಾನ ಅರಸ ದಾವೀದನಿಗೆ ಬಡವನ ಕುರಿಮರಿಯ ಕಥೆ ಹೇಳಿದ. ಕಥೆ ಕೇಳಿ ಅರಸ ಸಿಟ್ಟಿಗೆದ್ದಾಗ, ಆ ಅನ್ಯಾಯಗಾರ ನೀನೇ ಎಂದು ಮುಖಕ್ಕೇ ಹೇಳಿದ. ಅದೇ ದಾವೀದನ ಮಗ ಅಬ್ಷಾಲೋಮ ಮುಂಜಾನೆ ಎದ್ದು ಊರಬಾಗಿಲಲ್ಲಿ ನಿಲ್ಲುತ್ತಿದ್ದ. ವ್ಯಾಜ್ಯ ಹೊತ್ತು ಬಂದವರ ಊರು ವಿಚಾರಿಸುತ್ತಿದ್ದ. ನ್ಯಾಯ ನಿನ್ನ ಕಡೆಗಿದೆ, ಅರಮನೆಯಲ್ಲಿ ಕೇಳುವವರಿಲ್ಲ, ನಾನು ನ್ಯಾಯಾಧಿಪತಿಯಾಗಿದ್ದರೆ ನೋಡು ಎನ್ನುತ್ತಿದ್ದ. ಅಡ್ಡಬೀಳಲು ಬಗ್ಗಿದವನನ್ನು ಹಿಡಿದೆತ್ತಿ ಮುದ್ದಿಡುತ್ತಿದ್ದ. ಎದುರು ಕಕ್ಷಿಯ ಮಾತು ಕೇಳದೆಯೇ ತೀರ್ಪು! ಇಬ್ಬರೂ ಮನಸ್ಸು ಗೆದ್ದವರೇ. ಆದರೆ ನಾತಾನ ಹೇಗೆ ಒಲಿಸಿದೆನೆಂಬುದನ್ನು ಕೇಳಿದವನ ಮುಂದೆಯೇ ಬಿಚ್ಚಿಟ್ಟ, ತನ್ನ ತಲೆಯನ್ನೇ ಪಣಕ್ಕಿಟ್ಟು. ಅಬ್ಷಾಲೋಮನಿಗೆ ಅದು ಸಾಧ್ಯವಿರಲಿಲ್ಲ, ಬಿಚ್ಚಿಟ್ಟಿದ್ದರೆ ಅವನ ಆಟ ಅಲ್ಲಿಗೇ ಮುಗಿಯುತ್ತಿತ್ತು. ನಿಮ್ಮ ಮನೆಗೆ ಬರುವ ಅಭ್ಯರ್ಥಿಯನ್ನು ಇದೇ ಒರೆಗೆ ಹಚ್ಚಿ: ನಿಮ್ಮ ಕೇರಿಯಲ್ಲಿ ಆಡಿದ ಮಾತನ್ನು ಪಕ್ಕದ ಕೇರಿಯಲ್ಲೂ ಆಡಬಲ್ಲರೇ?

ಒಳ್ಳೆಯದಕ್ಕಾಗಿ ಸುಳ್ಳು ಎಂಬುದು ಕಷ್ಟದ ಪ್ರಶ್ನೆ. ಸಂತ ಅಗಸ್ಟೀನರು ಯಾವ ಸುಳ್ಳನ್ನೂ ಒಪ್ಪಲಿಲ್ಲ. ಆದರೆ ಫರೋಹನಿಗೆ ಸುಳ್ಳು ಹೇಳಿ ಹಸುಗೂಸುಗಳನ್ನು ಉಳಿಸಿದ ಸೂಲಗಿತ್ತಿಯರಿಗೆ ದೇವರು ಒಳಿತು ಮಾಡಿದನೆಂದು ಬೈಬಲ್ಲೇ ಹೇಳುತ್ತದೆ. ಕೊಲೆಗಾರನ ಕೈಯಿಂದ ಜೀವ ಉಳಿಸುವ ಆ ಗಳಿಗೆಯನ್ನು ಮತ ಕೇಳುವವರು ತಮ್ಮದೆಂದು ಹೇಳಿಕೊಳ್ಳಲಾಗದು.

ಒಳ್ಳೆಯ ಉದ್ದೇಶದೊಳಗೆ ಸುಳ್ಳು ಸೇರಿದರೆ ಏನಾಗುತ್ತದೆಂದು ತಿಳಿಯಲು ನಮ್ಮ ಸೀಮೆಯ ಎರಡು ಹೋರಾಟಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 1830ರಲ್ಲಿ ನಗರ ಸೀಮೆಯ ರೈತರು ಕಂದಾಯದ ಹೊರೆ ತಾಳದೆ ಕೂಟ ಕಟ್ಟಿ ದಂಗೆಯೆದ್ದರು. ಸಂಕಟ ಅಪ್ಪಟ ನಿಜ. ಅದರ ಮುಂದೆ ಬಂದು ನಿಂತ ಬೂದಿ ಬಸವಪ್ಪ ತಾನು ಕೆಳದಿ ಅರಸು ಮನೆತನದ ವಾರಸುದಾರನೆಂದು ಸುಳ್ಳು ಹೇಳಿಕೊಂಡ. ರೈತರ ಅಹವಾಲು ಸಿಂಹಾಸನದ ತಕರಾರಿನೊಳಗೆ ಸಿಕ್ಕಿಕೊಂಡಿತು. ಬ್ರಿಟಿಷರು ದಂಗೆಯನ್ನು ಅಡಗಿಸಿ, 1831ರಲ್ಲಿ ಮೈಸೂರಿನ ಆಡಳಿತವನ್ನೇ ಕೈಗೆ ತೆಗೆದುಕೊಂಡು 50 ವರ್ಷ ಬಿಡಲಿಲ್ಲ.

1951ರಲ್ಲಿ, ಸೊರಬಕ್ಕೆ ಹೊಂದಿಕೊಂಡ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತದ್ದು ಒಡೆಯರು ಗೇಣಿ ಭತ್ತ ಅಳೆಯುತ್ತಿದ್ದ ಕೊಳಗ ದೊಡ್ಡದೆಂದು. ಎರಡು ಬಗೆಯ ಅಳತೆ ಇಟ್ಟುಕೊಳ್ಳುವುದನ್ನು ಬೈಬಲಿನ ಧರ್ಮೋಪದೇಶಕಾಂಡವೂ ಖಂಡಿಸುತ್ತದೆ. ಈ ರೈತರಿಗೆ ಯಾವ ವಂಶಾವಳಿಯೂ ಬೇಕಾಗಲಿಲ್ಲ. ಕೊಳಗವನ್ನು ಅಂಗಳದಲ್ಲಿಟ್ಟು ಯಾರು ಬೇಕಾದರೂ ಅಳೆದು ನೋಡಬಹುದಿತ್ತು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಹೋರಾಟದಲ್ಲಿದ್ದ ಶಾಂತವೇರಿ ಗೋಪಾಲಗೌಡರನ್ನು 1952ರಲ್ಲಿ ಜನ ವಿಧಾನಸಭೆಗೆ ಕಳಿಸಿದರು.