ಆನೆ ಕಾಸು ಸಿಕ್ಕರೆ ಮೊದಲು ತೂಗಿ, ಆಮೇಲೆ ಓದಿ

ಹಳೆ ಮೈಸೂರು ಸೀಮೆಯಿಂದ ಬಂದು ಬೆಂಗಳೂರಿನ ಇಟ್ಟಮಡುವಿನಲ್ಲಿ ನೆಲೆ ನಿಂತ ಮನೆಗಳಲ್ಲಿ ಅಜ್ಜಿಯ ಕಾಲದ ಟ್ರಂಕು ತೆರೆದಾಗ ಆನೆಯ ಚಿತ್ರವಿರುವ ದಪ್ಪನೆಯ ತಾಮ್ರದ ಕಾಸು ಸಿಕ್ಕರೆ ಅಚ್ಚರಿಯಿಲ್ಲ. ನಾಣ್ಯ ಸಂಗ್ರಹ ಶುರುಮಾಡುವವರಿಗೆ ಇದಕ್ಕಿಂತ ಒಳ್ಳೆಯ ಮೊದಲ ಪಾಠ ಬೇರೆ ಇಲ್ಲ ಎಂಬುದು ನನ್ನ ನಂಬಿಕೆ. ಚಿನ್ನದ ವರಹದಷ್ಟು ದುಬಾರಿಯಲ್ಲ, ಅದರ ಮೇಲಿನ ಬರಹವನ್ನು ಅಭ್ಯಾಸವಾದರೆ ಯಾರು ಬೇಕಾದರೂ ಓದಬಹುದು. ಟಿಪ್ಪುವಿನ ಬೆಂಗಳೂರು ಟಂಕಸಾಲೆಯ ಪೈಸೆಯೇ ಕೈಗೆ ಬಂದರೂ ಬರಬಹುದು.

ತೂಕ

ಅಕ್ಕಸಾಲಿಗರು ಬಳಸುವಂಥ ಚಿಕ್ಕ ಡಿಜಿಟಲ್ ತಕ್ಕಡಿ ಕೊಳ್ಳಿ. ಟಿಪ್ಪುವಿನ ಪೈಸೆ ಸುಮಾರು 11 ಗ್ರಾಂ. ಎರಡು ಪೈಸೆಯದು ಅದರ ಇಮ್ಮಡಿ. ಅರ್ಧ, ಕಾಲು, ಅರೆಕಾಲು ಪೈಸೆಗಳು ಅದೇ ಲೆಕ್ಕದಲ್ಲಿ ಇಳಿಯುತ್ತವೆ. ಟಿಪ್ಪು ಇವಕ್ಕೆ ಆಕಾಶದ ಹೆಸರುಗಳನ್ನಿಟ್ಟ: ಎರಡು ಪೈಸೆ ಮುಷ್ತರಿ ಅಂದರೆ ಗುರು, ಪೈಸೆ ಜೊಹ್ರಾ ಅಂದರೆ ಶುಕ್ರ, ಅರ್ಧ ಪೈಸೆ ಬಹ್ರಾಮ್ ಅಂದರೆ ಮಂಗಳ, ಕಾಲು ಪೈಸೆ ಅಖ್ತರ್ ಅಂದರೆ ನಕ್ಷತ್ರ, ಅರೆಕಾಲು ಕುತ್ಬ್ ಅಂದರೆ ಧ್ರುವ. ಸವೆದ ಕಾಸು ತುಸು ಹಗುರಾಗಿರುವುದು ಸಹಜ. ತೂಕ ತೀರಾ ತಪ್ಪಿದ್ದರೆ ಅನುಮಾನಿಸಿ.

ಬರಹ

ಸಾಮಾನ್ಯವಾಗಿ ಆನೆಯ ಮೇಲ್ಗಡೆ ಇಸವಿ, ಹಿಂಬದಿಯಲ್ಲಿ ಪಾರಸಿಯಲ್ಲಿ ಟಂಕಸಾಲೆಯ ಹೆಸರು ಇರುತ್ತದೆ. ಶ್ರೀರಂಗಪಟ್ಟಣಕ್ಕೆ ‘ಪಟನ್’, ಬಿದನೂರಿಗೆ ‘ನಗರ್’. ಅಂಕಿಗಳಲ್ಲಿ ಒಂದು ಬರೀ ನೇರ ಗೆರೆ, ಸೊನ್ನೆ ಚುಕ್ಕಿ.

ಹೊಸಬರು ಎಡವುವುದು ಇಲ್ಲಿ. ಟಿಪ್ಪುವಿನ ಮೊದಲ ವರ್ಷಗಳ ಕಾಸಿನಲ್ಲಿರುವುದು ಹಿಜರಿ ಇಸವಿ, ಎಡದಿಂದಲೇ ಓದಬೇಕು. 1787ರ ಹೊತ್ತಿಗೆ ಆತ ಮೌಲೂದಿ ಶಕೆ ತಂದ. ಅದರ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ಹಾಗಾಗಿ ನಮ್ಮ ಕಣ್ಣಿಗೆ 4221 ಎಂದು ಕಂಡರೆ ಅದು 1224. ಮೌಲೂದಿ ಇಸವಿಗೆ 572 ಕೂಡಿಸಿ: 1796. ಉತ್ತರ 1787ರಿಂದ 1799ರೊಳಗೆ ಬರದಿದ್ದರೆ ಮತ್ತೆ ಓದಿ.

ಮುಮ್ಮಡಿ ಕೃಷ್ಣರಾಜ ಒಡೆಯರ ಕಾಸುಗಳು ಇನ್ನೂ ಸುಲಭ. ಅವುಗಳ ಮೇಲೆ ‘ಮಯಿಲಿ ಕಾಸು’ ಎಂಬ ಕನ್ನಡ ಬರಹವಿದೆ, ಜೊತೆಗೆ ಇಂಗ್ಲಿಷ್ ಅಕ್ಷರದಲ್ಲಿ ‘ಕ್ಯಾಶ್’. ಕೆಲವದರಲ್ಲಿ ಆನೆ, ಕೆಲವದರಲ್ಲಿ ಸಿಂಹ. ಸಿಂಹದ ಮೇಲೆ ಚಾಮುಂಡಿಯ ಹೆಸರು.

ಅಂಚು

ನಕಲಿ ಹಿಡಿಯಲು ಭೂತಗನ್ನಡಿಯಲ್ಲಿ ಅಂಚು ನೋಡಿ. ಮೈಸೂರಿನ ಕಾಸುಗಳು ಮುದ್ರೆಯೊತ್ತಿ ಹೊಡೆದವು. ಎರಡು ಅಚ್ಚು ಕೂಡಿದ ಗೆರೆ, ಅದನ್ನು ಅಳಿಸಲು ಅರ ಹಾಕಿದ ಗೀರು, ಮೈಮೇಲೆ ಸೂಜಿಮೊನೆಯಷ್ಟು ರಂಧ್ರಗಳು ಇದ್ದರೆ ಅದು ಎರಕ ಹೊಯ್ದ ನಕಲು. ಕೊರಿಯಾದಲ್ಲಿ ಇದು ತಿರುಗುಮುರುಗು. 1678ರಿಂದ ಎರಡು ಶತಮಾನ ಅಲ್ಲಿ ನಡೆದ ‘ಸಾಂಗ್‌ಪ್ಯೊಂಗ್ ತೊಂಗ್‌ಬೊ’, ನಡುವೆ ಚೌಕ ತೂತಿನ ಕಂಚಿನ ಕಾಸು, ಎರಕದಲ್ಲೇ ತಯಾರಾಗುತ್ತಿತ್ತು. ಕೊಂಬೆಗೆ ಎಲೆಯಂತೆ ಕೂಡಿಕೊಂಡ ಕಾಸುಗಳನ್ನು ಮುರಿದು ಅಂಚಿಗೆ ಅರ ಹಾಕುತ್ತಿದ್ದರು. ಅಲ್ಲಿ ಅರದ ಗುರುತು ಸಹಜ, ಇಲ್ಲಿ ಮೋಸದ ಕುರುಹು. ಯಾವ ನಾಣ್ಯ ಕೊಳ್ಳುವುದಿದ್ದರೂ ಅದನ್ನು ಹೇಗೆ ಮಾಡುತ್ತಿದ್ದರು ಎಂಬುದನ್ನು ಮೊದಲು ತಿಳಿದುಕೊಳ್ಳಿ.

1818ನೇ ಇಸವಿ, ಈಸ್ಟ್ ಇಂಡಿಯಾ ಕಂಪನಿಯ ಹೆಸರು, ಹನುಮಂತನ ಚಿತ್ರ ಇರುವ ಕಾಸನ್ನು ಯಾರಾದರೂ ತೋರಿಸಿದರೆ ದೂರವಿರಿ. ಕಂಪನಿ ಅಂಥದ್ದನ್ನು ಅಚ್ಚು ಹಾಕಿಸಲೇ ಇಲ್ಲ. ಅಕ್ಕಿ ಸೆಳೆಯುತ್ತದೆ, ಕೋಟಿ ಬೆಲೆ ಬರುತ್ತದೆ ಎಂದು ನಂಬಿಸುವವರು ಶುದ್ಧ ವಂಚಕರು, ಪೊಲೀಸರಿಗೆ ತಿಳಿಸಿ.

ಕಾಪಾಡುವುದು

ಹುಣಸೆಹುಳಿ, ಪೀತಾಂಬರಿ, ನಿಂಬೆರಸ ಯಾವುದೂ ಬೇಡ. ಬೆಳಗಿದ ಕಾಸು ಸಂಗ್ರಾಹಕರ ಪಾಲಿಗೆ ಅರ್ಧ ಸತ್ತಂತೆ. ಕಂದುಬಣ್ಣದ ಪದರವೇ ಅದರ ರಕ್ಷೆ. ಮಣ್ಣು ಮೆತ್ತಿದ್ದರೆ ಡಿಸ್ಟಿಲ್ಡ್ ವಾಟರಿನಲ್ಲಿ ನೆನೆಸಿ, ಮೆತ್ತನೆಯ ಬ್ರಷ್ ಆಡಿಸಿ, ಪೂರ್ತಿ ಒಣಗಿಸಿ. ತಿಳಿಹಸಿರು ಪುಡಿ ಉದುರುತ್ತಿದ್ದರೆ ಅದು ತಾಮ್ರವನ್ನು ಒಳಗಿನಿಂದ ತಿನ್ನುವ ರೋಗ, ಆ ಕಾಸನ್ನು ಬೇರೆಯೇ ಇಡಿ. ಪಿವಿಸಿ ಕವರು ಬೇಡ, ಡಬ್ಬಿಯಲ್ಲಿ ಸಿಲಿಕಾ ಜೆಲ್ ಇರಲಿ. ಪ್ರತಿ ಕಾಸಿನ ತೂಕ, ಓದಿದ ಬರಹ, ಸಿಕ್ಕಿದ ಜಾಗವನ್ನು ಬರೆದಿಡಿ.

ಪಾಯ ಅಗೆಯುವಾಗ ಹಳೆ ಕಾಸಿನ ಗಡಿಗೆ ಸಿಕ್ಕರೆ ಅದು ನಿಧಿ. ಹಂಚಿಕೊಳ್ಳುವಂತಿಲ್ಲ, ಜಿಲ್ಲಾಧಿಕಾರಿಗೆ ತಿಳಿಸಬೇಕು. ನೂರು ವರ್ಷ ದಾಟಿದ ನಾಣ್ಯವನ್ನು 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ಖಾಸಗಿಯವರು ದೇಶದಾಚೆ ಸಾಗಿಸುವಂತಿಲ್ಲ. ಅಮೆರಿಕದಲ್ಲಿರುವ ಮಗಳು ಅಜ್ಜಿಯ ಆನೆ ಕಾಸು ಕೇಳಿದರೆ ಫೋಟೊ ಕಳಿಸಿ. ಕಾಸು ಇಲ್ಲೇ ಇರಲಿ.