ಗಾಮ್‌ದೇವಿಯ ಮಣಿಭವನಕ್ಕೆ ಹೋಗುವ ಮುನ್ನ

ಊರಿಂದ ಬಂದು ಮುಂಬಯಿಯ ಬೊರಿವಲಿಯಲ್ಲಿ ಹೊಸದಾಗಿ ಮನೆ ಮಾಡಿದವರು ರಜೆಯ ದಿನ ನೋಡುವಂಥದ್ದು ಏನಿದೆ ಎಂದು ಕೇಳುತ್ತಾರೆ. ಕಾನ್ಹೇರಿ ಗುಹೆ ಪಕ್ಕದಲ್ಲೇ ಇದೆ, ಎಂದಾದರೂ ಹೋಗಬಹುದು. ನಾನು ಮೊದಲು ಹೇಳುವುದು ಗಾಂಧೀಜಿ ತಂಗುತ್ತಿದ್ದ ಮನೆ, ಗಾಮ್‌ದೇವಿಯ ಮಣಿಭವನ. ಆದರೆ ತಿಳಿಯದೆ ಹೋದರೆ ಹತ್ತು ನಿಮಿಷದಲ್ಲಿ ಸುತ್ತಿ ಹೊರಬರುತ್ತೀರಿ. ಅದಕ್ಕೇ ಈ ನಾಲ್ಕು ಮಾತು.

ಸ್ಲೋ ಲೋಕಲ್ ಹಿಡಿದು ಗ್ರಾಂಟ್ ರೋಡ್‌ನಲ್ಲಿಳಿಯಿರಿ. ಪಶ್ಚಿಮಕ್ಕೆ ಹೊರಬಂದು ನಾನಾ ಚೌಕ್ ದಾಟಿ ನಡೆದರೆ ಲಬರ್ನಮ್ ರಸ್ತೆ ಸಿಗುತ್ತದೆ. ಅಲ್ಲಿರುವ ಎರಡು ಮಹಡಿಯ ಹಳೆಯ ಮನೆಯೇ ಮಣಿಭವನ.

ಮಣಿಭವನ ಗಾಂಧೀಜಿಯ ಸ್ವಂತ ಮನೆಯಲ್ಲ. ಸ್ನೇಹಿತರಾದ ರೇವಾಶಂಕರ ಜಗಜೀವನ ಜವೇರಿ ಅವರದು. 1917ರಿಂದ 1934ರವರೆಗೆ ಮುಂಬಯಿಗೆ ಬಂದಾಗಲೆಲ್ಲ ಗಾಂಧೀಜಿ ಇಲ್ಲಿ ಅತಿಥಿ. ಅತಿಥಿ ಎಂದೆನಾದರೂ ಮನೆಯನ್ನು ಅವರು ಕಚೇರಿ ಮಾಡಿಕೊಂಡಿದ್ದರು. 1919ರಲ್ಲಿ ರೌಲತ್ ಕಾಯ್ದೆಯ ವಿರುದ್ಧ ಸತ್ಯಾಗ್ರಹದ ಸಿದ್ಧತೆ ನಡೆದದ್ದು ಇಲ್ಲಿ. ಪರವಾನಗಿಯಿಲ್ಲದೆ ‘ಸತ್ಯಾಗ್ರಹಿ’ ಪತ್ರಿಕೆ ಹೊರಟದ್ದೂ ಆಗಲೇ.

ಕೆಳಗಿನ ಗ್ರಂಥಾಲಯವನ್ನು ಕೊನೆಗಿಟ್ಟುಕೊಂಡು ನೇರ ಎರಡನೆಯ ಮಹಡಿಗೆ ಹತ್ತಿ. ಅಲ್ಲಿ ಅವರ ಕೋಣೆ: ನೆಲದ ಮೇಲೆ ಬಿಳಿ ಹಾಸಿಗೆ, ದಿಂಬು, ಗಿಡ್ಡ ಮೇಜು, ಚರಕಗಳು. ಚರಕದ ಮುಂದೆ ತುಸು ಹೊತ್ತು ನಿಲ್ಲಿ. ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿದ್ದ ದಿನಗಳಲ್ಲಿ ಗಾಂಧೀಜಿ ನೂಲುವುದಕ್ಕೆ ಹಂಜಿ, ಅಂದರೆ ಹಿಂಜಿದ ಹತ್ತಿಯ ಸುರುಳಿ, ಹುಡುಕುತ್ತಿದ್ದರು. ಗಿರಣಿಯ ಹಂಜಿ ಬೇಡ ಎಂಬ ಹಟ. ಹಾಸಿಗೆಗೆ ತುಂಬುವ ಹತ್ತಿ ಹಿಂಜುವವನೊಬ್ಬ ಬಿಲ್ಲು ಮೀಟುತ್ತ ದಿನವೂ ಮನೆಯ ಮುಂದೆ ಹಾದುಹೋಗುತ್ತಿದ್ದ. ಅವನನ್ನು ಕರೆಸಿದರು. ಹಂಜಿ ಮಾಡಿಕೊಡಲು ಅವನು ಜೋರು ಕೂಲಿ ಕೇಳಿದ, ಕೊಟ್ಟರು. ಆ ನೂಲನ್ನು ಕೆಲವು ವೈಷ್ಣವ ಮಿತ್ರರು ಏಕಾದಶಿಯ ಮಾಲೆಗೆಂದು ಕೊಂಡರು. ಆತ್ಮಕಥೆಯಲ್ಲಿ ಗಾಂಧೀಜಿಯೇ ಇದನ್ನು ಬರೆದಿದ್ದಾರೆ. ಖಾದಿಯ ಮಹಾಕಥೆಯಲ್ಲಿ ಬೀದಿಯ ಆ ಕಸುಬುದಾರನ ಹೆಸರಿಲ್ಲ. ನನಗಂತೂ ಈ ಮನೆಯಲ್ಲಿ ಮೊದಲು ನೆನಪಾಗುವವನು ಅವನೇ.

ಮೇಲೆ ತಾರಸಿಯಿದೆ. ದುಂಡುಮೇಜಿನ ಪರಿಷತ್ತಿನಿಂದ ಬರಿಗೈಲಿ ಮರಳಿದ ಗಾಂಧೀಜಿ ಅಲ್ಲಿ ಡೇರೆಯಲ್ಲಿ ಮಲಗಿದ್ದಾಗ, 1932ರ ಜನವರಿ 4ರ ನಸುಕಿನಲ್ಲಿ ಪೊಲೀಸರು ಬಂದು ಬಂಧಿಸಿದರು.

1955ರಲ್ಲಿ ಮನೆ ಸ್ಮಾರಕವಾಯಿತು. 1959ರಲ್ಲಿ ಭಾರತಕ್ಕೆ ಬಂದಾಗ ಮಾರ್ಟಿನ್ ಲೂಥರ್ ಕಿಂಗ್ ಇಲ್ಲಿಯೇ ಉಳಿದುಕೊಂಡಿದ್ದರು. ಚಿಕ್ಕ ಮಕ್ಕಳಿಗೆ ಗಾಂಧೀಜಿಯ ಬದುಕನ್ನು ಹೇಳುವ ಪುಟ್ಟ ಬೊಂಬೆಗಳ ದೃಶ್ಯಗಳಿವೆ, ಬಲು ಇಷ್ಟಪಡುತ್ತಾರೆ. ಹೈಸ್ಕೂಲಿನ ಮಕ್ಕಳಿದ್ದರೆ 1939ರ ಜುಲೈನಲ್ಲಿ ಗಾಂಧೀಜಿ ಹಿಟ್ಲರನಿಗೆ ಬರೆದ ಪತ್ರದ ಮುಂದೆ ನಿಲ್ಲಿಸಿ. ಯುದ್ಧ ತಡೆಯಬಲ್ಲವರು ನೀವೊಬ್ಬರೇ ಎಂದು ಅದರಲ್ಲಿ ಬರೆದಿದ್ದರು. ಬ್ರಿಟಿಷ್ ಸರ್ಕಾರ ಅದನ್ನು ಮುಂದಕ್ಕೆ ಬಿಡಲಿಲ್ಲ. ಅಂಥವನಿಗೆ ಪತ್ರ ಬರೆಯಬಹುದೇ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ರೈಲಿನಲ್ಲಿ ಬೊರಿವಲಿಯವರೆಗೂ ಆ ವಾದ ನಡೆಯಲಿ.