ಗ್ಯಾಸ್ ಬಾವಿ ಪಕ್ಕದ ಹೊಲಕ್ಕೆ ಅಪಾಯ ಎಷ್ಟು? ನಕಾಶೆಯಲ್ಲಿ ನೋಡೋದು ಹೀಗೆ

2020ರ ಮೇ 27ರಂದು ಅಸ್ಸಾಂನ ತಿನ್‌ಸುಕಿಯಾ ಜಿಲ್ಲೆಯ ಬಾಘ್‌ಜಾನ್‌ನಲ್ಲಿ 5ನೇ ನಂಬರಿನ ಗ್ಯಾಸ್ ಬಾವಿ ಹತೋಟಿ ತಪ್ಪಿ ಚಿಮ್ಮಿತು. ಜೂನ್ 9ಕ್ಕೆ ಬೆಂಕಿ ಹತ್ತಿ ಇಬ್ಬರು ಅಗ್ನಿಶಾಮಕ ಸಿಬ್ಬಂದಿ ತೀರಿಕೊಂಡರು. ಪೂರ್ತಿ ಹತೋಟಿಗೆ ಬರುವಾಗ ನವೆಂಬರ್ ಆಗಿತ್ತು. ಗ್ಯಾಸಿನ ಜೊತೆ ಬಂದ ತೆಳು ಎಣ್ಣೆ ತುಂತುರು ಮಳೆಯಂತೆ ಚಹಾ ತೋಟ, ಗದ್ದೆ, ಮಾಗುರಿ-ಮೊಟಾಪುಂಗ್ ಜೌಗಿನ ಮೇಲೆ ಬಿತ್ತು.

ನಮ್ಮೂರಲ್ಲಿ ಗ್ಯಾಸ್ ಬಾವಿ ಎಲ್ಲಿದೆ ಅಂತೀರಾ? ಬಾವಿ ಇಲ್ಲ, ಆದ್ರೆ ದಾಭೋಲ್-ಬೆಂಗಳೂರು ಗ್ಯಾಸ್ ಪೈಪ್‌ಲೈನ್ ನಮ್ಮ ಜಿಲ್ಲೆಗಳನ್ನ ಹಾದೇ ಬಂದಿದೆ. ಕಲಿಯೋಕೆ ಬಾಘ್‌ಜಾನ್ ಒಳ್ಳೆ ಉದಾಹರಣೆ.

ಬೇಕಾಗಿರೋದು ಕ್ಯೂಜಿಐಎಸ್ ಅನ್ನೋ ಉಚಿತ ಸಾಫ್ಟ್‌ವೇರ್. ಇದಕ್ಕೆ ಕಂಪ್ಯೂಟರ್ ಬೇಕು. ಹೊಲದಲ್ಲಿ ಓಡಾಡುವಾಗ ಫೋನಿಗೆ ಕ್ಯೂಫೀಲ್ಡ್ ಆ್ಯಪ್ ಸಾಕು, ನೆಟ್ ಇಲ್ಲದಿದ್ದರೂ ನಡೆಯುತ್ತೆ. ಗೂಗಲ್ ಮ್ಯಾಪ್ಸ್‌ನಲ್ಲಿ ಬಾವಿಯ ಜಾಗವನ್ನ ಒತ್ತಿ ಹಿಡಿದ್ರೆ ಅಕ್ಷಾಂಶ, ರೇಖಾಂಶ ಸಿಗುತ್ತೆ. ಕ್ಯೂಜಿಐಎಸ್‌ಗೆ ಹಾಕುವಾಗ ಎಕ್ಸ್ ಅಂದ್ರೆ ರೇಖಾಂಶ, ವೈ ಅಂದ್ರೆ ಅಕ್ಷಾಂಶ. ಅದಲು ಬದಲಾದ್ರೆ ಬಾವಿ ಇನ್ನೆಲ್ಲೋ ಹೋಗಿ ಕೂರುತ್ತೆ!

ಮುಂದೆ ಬಾವಿ ಸುತ್ತ 1 ಕಿಲೋಮೀಟರಿನ ವೃತ್ತ ಎಳೀಬೇಕು, ಇದಕ್ಕೆ ಬಫರ್ ಅಂತಾರೆ. ಹೆಚ್ಚಿನವರು ಎಡವೋದು ಇಲ್ಲೇ. ಪದರ ಡಿಗ್ರಿ ಲೆಕ್ಕದಲ್ಲಿದ್ರೆ ನೀವು ಕೊಟ್ಟ 1000ವನ್ನ ಮೀಟರ್ ಅಲ್ಲ, ಡಿಗ್ರಿ ಅಂತಲೇ ತಗೊಳ್ಳುತ್ತೆ. ಮೊದಲು ಯುಟಿಎಂಗೆ ಬದಲಾಯಿಸಿ: ಬಾಘ್‌ಜಾನ್‌ಗೆ ವಲಯ 46 ಉತ್ತರ, ಕರ್ನಾಟಕದ ಬಹುಭಾಗಕ್ಕೆ 43 ಉತ್ತರ. ಆಮೇಲೆ ಮನೆ, ಕೆರೆ, ಹಳ್ಳ, ಕುಡಿಯೋ ನೀರಿನ ಬಾವಿಗಳ ಗುರುತು ಹಾಕಿ, ವೃತ್ತದೊಳಗೆ ಯಾವುದು ಬಿತ್ತು ನೋಡಿ. ಬಾಘ್‌ಜಾನ್‌ನಲ್ಲಿ ಹೀಗೆ ಮಾಡಿದ್ರೆ ಜೌಗೂ, ದಿಬ್ರು-ಸೈಖೋವಾ ರಾಷ್ಟ್ರೀಯ ಉದ್ಯಾನದ ಅಂಚೂ ಒಳಗೇ ಬರುತ್ತವೆ.

ಆದ್ರೆ ವೃತ್ತವನ್ನೇ ನಂಬಿ ಕೂರಬೇಡಿ. ಎಣ್ಣೆಗೆ ವೃತ್ತ ಗೊತ್ತಿಲ್ಲ, ಇಳಿಜಾರು ಗೊತ್ತು. ಬಾವಿಗಿಂತ 300 ಮೀಟರ್ ದೂರದ ದಿಣ್ಣೆ ಮೇಲಿನ ಹೊಲಕ್ಕೆ ಹರಿದು ಬರೋ ಎಣ್ಣೆಯ ಭಯ ಕಡಿಮೆ. 2 ಕಿಲೋಮೀಟರ್ ಕೆಳಗೆ ಅದೇ ಹಳ್ಳದ ನೀರು ಕಟ್ಟೋ ಗದ್ದೆಗೆ ಜಾಸ್ತಿ. ಅದಕ್ಕೇ ಉಚಿತವಾಗಿ ಸಿಗೋ 30 ಮೀಟರ್ ಎತ್ತರದ ನಕಾಶೆ ಹಾಕಿ, ನೀರು ಯಾವ ಕಡೆ ಇಳಿಯುತ್ತೆ ಅಂತ ನೋಡಿ. ತುಂತುರು ಮಾತ್ರ ಗಾಳಿ ಹೋದ ಕಡೆ ಹೋಗುತ್ತೆ, ಹಾಗಾಗಿ ಗಾಳಿಯ ದಿಕ್ಕನ್ನೂ ಬರೆದಿಡಿ. ನೆಲದಡಿಯ ನೀರಿನ ಹಾದಿ ಈ ನಕಾಶೆಯಲ್ಲಿ ಕಾಣಲ್ಲ, ಅದಕ್ಕೆ ಬಾವಿ ನೀರಿನ ಪರೀಕ್ಷೆಯೇ ಗತಿ.

ಬೆಳೆ ಸುಟ್ಟಿದ್ದನ್ನ ನೋಡೋಕೆ ಸೆಂಟಿನೆಲ್-2 ಉಪಗ್ರಹದ ಚಿತ್ರ ಉಚಿತ. ಒಂದು ಚುಕ್ಕಿಗೆ 10 ಮೀಟರ್, ಅಂದ್ರೆ ಗಿಡ ಕಾಣಲ್ಲ, ಹೊಲ ಕಾಣುತ್ತೆ. ಮಳೆಗಾಲದಲ್ಲಿ ಮೋಡ ಅಡ್ಡ. ಆಗ ಮೋಡ ದಾಟಿ ನೋಡೋ ಸೆಂಟಿನೆಲ್-1 ರಾಡಾರ್ ಚಿತ್ರ ಹುಡುಕಿ.

ನಕಾಶೆಯಲ್ಲಿ ಇಳಿಜಾರಿನ ಕೆಳಗೆ ಬಂದ ಬಾವಿಗಳ ನೀರನ್ನ ಏನೂ ಆಗದೆ ಇರುವಾಗಲೇ ಲ್ಯಾಬಿಗೆ ಕೊಟ್ಟು ವರದಿ ಇಟ್ಕೊಳ್ಳಿ. ನಾಳೆ ಪರಿಹಾರ ಕೇಳುವಾಗ "ಮೊದಲಿಂದಲೂ ಹೀಗೇ ಇತ್ತು" ಅನ್ನೋರಿಗೆ ತೋರಿಸೋಕೆ ತಾರೀಕು ಇರೋ ಕಾಗದ ಬೇಕಲ್ಲ.